ಮೆಣಸಿನ ಮೂಟೆಯ ಜೊತೆ ಬರುವ ಕಾಗದ

ಮುಂಬಯಿಯ ಬಲ್ಲಾರ್ಡ್ ಎಸ್ಟೇಟಿನಲ್ಲಿ ಕಸ್ಟಮ್ಸ್ ಕ್ಲಿಯರಿಂಗ್ ಕೆಲಸಕ್ಕೆ ನಾನು ಸೇರಿದ್ದು 1999ರಲ್ಲಿ. ಹಡಗಿನಿಂದ ಇಳಿದ ಸರಕು ಮಾಲೀಕನ ಗೋದಾಮು ತಲುಪುವ ಮೊದಲು ಬೇಕಾಗುವ ಕಾಗದಗಳನ್ನೆಲ್ಲ ಜೋಡಿಸಿ ಕೊಡುವುದು ನಮ್ಮ ಉದ್ಯೋಗ. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಬಿಲ್ ಆಫ್ ಲೇಡಿಂಗ್, ಬಿಲ್ ಆಫ್ ಎಂಟ್ರಿ. ಇವುಗಳ ನಡುವೆ ಒಂದೇ ಹಾಳೆಯ ಇನ್ನೊಂದು ಕಾಗದವಿರುತ್ತದೆ: ಸರ್ಟಿಫಿಕೇಟ್ ಆಫ್ ಒರಿಜಿನ್. ಸರಕು ಯಾವ ದೇಶದ್ದು ಎಂದು ಹೇಳುವ ಪ್ರಮಾಣಪತ್ರ ಅದು. ಮೇಲೆ ಕ್ರಮಸಂಖ್ಯೆ, ಕಳಿಸಿದವರ ಹೆಸರು, ತರಿಸಿಕೊಂಡವರ ಹೆಸರು, ಹಡಗಿನ ಹೆಸರು. ನಡುವೆ ಸರಕಿನ ವಿವರ. ಕರಿಮೆಣಸಾದರೆ 0904 ಎಂದು ಶುರುವಾಗುವ ಎಚ್‌ಎಸ್ ಕೋಡ್, ಅಂದರೆ ಸರಕಿನ ಬಗೆಯನ್ನು ಗುರುತಿಸುವ ಅಂತಾರಾಷ್ಟ್ರೀಯ ಸಂಖ್ಯೆ. ಕೆಳಗೆ ಅಲ್ಲಿನ ಅಧಿಕಾರಿಯ ಸಹಿ, ಮುದ್ರೆ. ಆ ಸಹಿಯನ್ನು ನಮ್ಮ ಅಧಿಕಾರಿಗಳು ತಮ್ಮ ಬಳಿ ಇರುವ ಮಾದರಿ ಸಹಿಯೊಡನೆ ಹೋಲಿಸಿ ನೋಡುತ್ತಾರೆ. ಸಹಿ ತಾಳೆಯಾದರೆ ಒಂದು ಸುಂಕ, ಆಗದಿದ್ದರೆ ಇನ್ನೊಂದು.

2017ರ ಕೊನೆಯಲ್ಲಿ ನಮ್ಮ ಸೋದರಮಾವ ಮದುವೆಯೊಂದಕ್ಕೆಂದು ಉತ್ತರ ಕನ್ನಡದ ಸಿದ್ದಾಪುರದಿಂದ ಬಂದು ಮುಲುಂಡಿನ ನಮ್ಮ ಮನೆಯಲ್ಲಿ ನಾಲ್ಕು ದಿನ ಇದ್ದರು. ಅಡಿಕೆ ತೋಟ, ಅಡಿಕೆ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ, ಅದೇ ಅವರ ಜೀವನ. ಆ ವರ್ಷ ಮೆಣಸಿನ ಬೆಲೆ ಕುಸಿದಿತ್ತು. ಊಟವಾದ ಮೇಲೆ ಕೇಳಿದರು: "ಕೂಸೇ, ಹೊರಗಿನ ಮೆಣಸು ಶ್ರೀಲಂಕಾದ ಹೆಸರಿನಲ್ಲಿ ಬರುತ್ತಿದೆ ಎಂದು ಎಲ್ಲರೂ ಹೇಳುತ್ತಾರೆ. ನೀನು ಅದೇ ಬಾಗಿಲಲ್ಲಿ ಕೂತಿದ್ದೀಯ. ಸರ್ಕಾರ ಬೇಡ ಎಂದು ಬಾಗಿಲು ಹಾಕಬಹುದಲ್ಲ, ಯಾಕೆ ಹಾಕುವುದಿಲ್ಲ?"

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಮಾತು ನಮ್ಮಲ್ಲಿ ಎಷ್ಟು ಹಳೆಯದೋ, ಮಾವನ ಪ್ರಶ್ನೆಯೂ ಅಷ್ಟೇ ಹಳೆಯದು. ಆ ರಾತ್ರಿ ನಾನು ಕೊಟ್ಟ ಉತ್ತರ ಅರ್ಧದ್ದಾಗಿತ್ತು. ಪೂರ್ತಿ ಉತ್ತರಕ್ಕೆ ಐದು ನೂರು ವರ್ಷ ಹಿಂದೆ ಹೋಗಬೇಕು. ಸರಕಿನ ಜೊತೆ ಹೋಗುವ ಕಾಗದವನ್ನು ಯಾರು ಬರೆಯಬಹುದು, ಅದು ತಪ್ಪು ಎನ್ನಿಸಿದರೆ ಯಾರು ಯಾರ ಮುಂದೆ ಪ್ರಶ್ನಿಸಬಹುದು ಎಂಬುದರ ಇತಿಹಾಸವೇ ಅಂತಾರಾಷ್ಟ್ರೀಯ ವ್ಯಾಪಾರ ಕಾನೂನಿನ ಇತಿಹಾಸ ಎಂದು ನಾನು ತಿಳಿದಿದ್ದೇನೆ.

ಇಂಥ ಕಾನೂನು ಯುರೋಪಿನವರು ಬರುವ ಮೊದಲು ಇರಲಿಲ್ಲ ಎಂದು ಯಾರೂ ಭಾವಿಸಬಾರದು. ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ದಕ್ಷಿಣ ಭಾರತದ ಉದ್ದಗಲಕ್ಕೂ, ಸಮುದ್ರದಾಚೆಗೂ ವ್ಯಾಪಾರ ನಡೆಸಿದವರು. ಸುಮಾತ್ರಾ ದ್ವೀಪದ ಬಾರೂಸ್ ಎಂಬ ಬಂದರಿನ ಬಳಿ ಆ ಸಂಘದ ಹೆಸರಿರುವ 1088ನೇ ಇಸವಿಯ ತಮಿಳು ಶಾಸನ ಸಿಕ್ಕಿದೆ. ತಮ್ಮ ಕಟ್ಟುಪಾಡುಗಳನ್ನು ಅವರು ಬಣಂಜುಧರ್ಮ ಎಂದು ಕರೆದುಕೊಂಡರು. ರಾಜರ ಸುಂಕ ಬೇರೆ, ವರ್ತಕರೇ ಒಪ್ಪಿ ನಡೆಸುವ ಧರ್ಮ ಬೇರೆ. ಅರಬ್ಬೀ ಸಮುದ್ರದಲ್ಲಿ ಅರಬರು, ಗುಜರಾತಿಗಳು, ಕೊಂಕಣಿಗರು, ನವಾಯತರು ಅಕ್ಕಪಕ್ಕದಲ್ಲೇ ಹಾಯಿ ಬಿಚ್ಚುತ್ತಿದ್ದರು. ಬಂದರಿನಲ್ಲಿ ಸುಂಕ ಕೊಟ್ಟರೆ ಸಾಕು. ನಡುಗಡಲಿನಲ್ಲಿ ಸಾಗುವುದಕ್ಕೆ ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ.

ಆ ಅಪ್ಪಣೆ ಕಡ್ಡಾಯವಾದದ್ದು ಪೋರ್ಚುಗೀಸರಿಂದ. 1510ರಲ್ಲಿ ಅಲ್ಬುಕರ್ಕ್ ಗೋವಾವನ್ನು ಹಿಡಿದ. ಪೋರ್ಚುಗೀಸರ ಕೈಯಲ್ಲಿ ಆಳಲು ಹೆಚ್ಚು ನೆಲವಿರಲಿಲ್ಲ, ಆದರೆ ಫಿರಂಗಿ ಹೊತ್ತ ಹಡಗುಗಳಿದ್ದವು. ಆ ಬಲದಿಂದ ಅವರು ತಂದ ಕಾಗದದ ಹೆಸರು ಕಾರ್ಟಾಜ್. ಕಡಲಿಗಿಳಿಯುವ ಪ್ರತಿಯೊಂದು ಹಡಗೂ ಅದನ್ನು ಹಣ ಕೊಟ್ಟು ಪಡೆಯಬೇಕು. ನಾಖುದನ, ಅಂದರೆ ಹಡಗಿನ ನಾಯಕನ ಹೆಸರು, ಹಡಗಿನ ಗಾತ್ರ, ಎಷ್ಟು ಜನ, ಯಾವ ಆಯುಧ, ಎಲ್ಲಿಂದ ಎಲ್ಲಿಗೆ, ಎಲ್ಲವೂ ಅದರಲ್ಲಿ ಬರೆದಿರಬೇಕು. ದಾರಿಯಲ್ಲಿ ಪೋರ್ಚುಗೀಸರ ಬಂದರಿಗೆ ಹೋಗಿ ಸುಂಕ ಕಟ್ಟಬೇಕು. ಮೆಣಸಿನಂಥ ಸರಕು ಅವರಿಗೇ ಮೀಸಲು. ಕಾಗದವಿಲ್ಲದ ಹಡಗು ಸಿಕ್ಕರೆ ಸರಕೂ ಹೋಯಿತು, ಹಡಗೂ ಹೋಯಿತು. ಹಜ್‌ಗೆ ಹೊರಟ ಮೊಘಲರ ಹಡಗುಗಳೂ ಇದನ್ನು ಪಡೆಯಬೇಕಿತ್ತು. ಅದರ ಮೇಲೆ ಮೇರಿ ಮತ್ತು ಏಸುವಿನ ಚಿತ್ರವಿರುತ್ತಿದ್ದುದರಿಂದ ಅಕ್ಬರನ ಕಾಲದ ಧರ್ಮನಿಷ್ಠ ಯಾತ್ರಿಕರಿಗೆ ಆ ಕಾಗದ ಹಿಡಿದು ಮಕ್ಕಾಕ್ಕೆ ಹೊರಡುವುದು ಮನಸ್ಸಿಗೆ ಒಗ್ಗದ ಸಂಗತಿಯಾಗಿತ್ತು.

ಮಾವನ ತೋಟದಿಂದ ಘಟ್ಟ ಇಳಿದರೆ ಗೇರುಸೊಪ್ಪೆ. ಅಲ್ಲಿಂದ 16ನೇ ಶತಮಾನದ ಉತ್ತರಾರ್ಧದಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ರೈನಾ ದ ಪಿಮೆಂಟಾ', ಅಂದರೆ ಮೆಣಸಿನ ರಾಣಿ ಎಂದು ಕರೆದರು. ಹೊನ್ನಾವರ, ಭಟ್ಕಳದ ಬಂದರುಗಳಿಂದ ಹೊರಡುವ ಮೆಣಸಿಗೆ ಅವರು ಆಕೆಯೊಡನೆ ಒಪ್ಪಂದವನ್ನೂ ಮಾಡಿಕೊಂಡರು, ಯುದ್ಧವನ್ನೂ ಮಾಡಿದರು. ಅದಕ್ಕೂ ಮೊದಲು, 1547ರಲ್ಲಿ, ಗೋವಾದ ಪೋರ್ಚುಗೀಸರಿಗೂ ವಿಜಯನಗರದ ಸದಾಶಿವರಾಯನಿಗೂ ಆದ ಒಪ್ಪಂದವಂತೂ ಇಂದಿನ ಯಾವುದೇ ವ್ಯಾಪಾರ ಒಪ್ಪಂದದ ಪಕ್ಕ ಇಡಬಹುದಾದದ್ದು. ಗೋವಾಕ್ಕೆ ಬರುವ ಕುದುರೆಗಳು ವಿಜಯನಗರಕ್ಕೇ ಹೋಗಬೇಕು, ಬಿಜಾಪುರಕ್ಕೆ ಹೋಗಕೂಡದು. ಪ್ರತಿಯಾಗಿ ವಿಜಯನಗರದ ಸರಕು ಪೋರ್ಚುಗೀಸರ ಪ್ರತಿನಿಧಿಗಳಿರುವ ಬಂದರುಗಳ ಮೂಲಕವೇ ಸಾಗಬೇಕು. ನಮ್ಮ ಕಚೇರಿಯ ಮಾತಿನಲ್ಲಿ ಹೇಳುವುದಾದರೆ ಇದು 'ನನಗೆ ಮಾತ್ರ ಕೊಡು, ಅವನಿಗೆ ಕೊಡಬೇಡ' ಎಂಬ ಷರತ್ತು. ಇದಕ್ಕೆ ಸರಿಯಾಗಿ ವಿರುದ್ಧವಾದ ಷರತ್ತು ಮುಂದೆ ಇಡೀ ಜಗತ್ತನ್ನು ಆಳಿತು. ಅದಕ್ಕೆ ಆಮೇಲೆ ಬರುತ್ತೇನೆ.

ಕಾರ್ಟಾಜ್ ಸರಿಯೇ ಎಂದು ಯುರೋಪಿನೊಳಗೇ ಕೇಳಿದವರು ಡಚ್ಚರು. ಅವರಿಗೆ ಆ ಪ್ರಶ್ನೆ ಬೇಕಾಗಿತ್ತು. 1603ರಲ್ಲಿ ಅವರ ಹಡಗುಗಳು ಇಂದಿನ ಸಿಂಗಪುರದ ಬಳಿ ಸಾಂತಾ ಕತರೀನಾ ಎಂಬ ಪೋರ್ಚುಗೀಸ್ ಹಡಗನ್ನು ಹಿಡಿದು, ಅದರಲ್ಲಿದ್ದ ರೇಷ್ಮೆ, ಪಿಂಗಾಣಿಯನ್ನು ಆಮ್‌ಸ್ಟರ್‌ಡ್ಯಾಮಿನಲ್ಲಿ ಹರಾಜು ಹಾಕಿದ್ದವು. ಇದು ಕಡಲ್ಗಳ್ಳತನವಲ್ಲ ಎಂದು ವಾದಿಸಿಕೊಡಲು ಡಚ್ ಈಸ್ಟ್ ಇಂಡಿಯಾ ಕಂಪನಿ ಹ್ಯೂಗೋ ಗ್ರೋಷಿಯಸ್ ಎಂಬ ತರುಣ ವಕೀಲನನ್ನು ಹಿಡಿಯಿತು. ಆ ವಾದದ ಒಂದು ಅಧ್ಯಾಯ 1609ರಲ್ಲಿ 'ಮಾರೆ ಲಿಬರಮ್', ಅಂದರೆ ಮುಕ್ತ ಸಮುದ್ರ, ಎಂಬ ಚಿಕ್ಕ ಪುಸ್ತಕವಾಗಿ ಲೇಖಕನ ಹೆಸರಿಲ್ಲದೆ ಹೊರಬಂತು. ಗಾಳಿಯಂತೆ ಸಮುದ್ರವೂ ಯಾರೊಬ್ಬರ ಸೊತ್ತಲ್ಲ. ಪೂರ್ವದೇಶಗಳಿಗೆ ತಮ್ಮದೇ ರಾಜರು, ತಮ್ಮದೇ ಕಾನೂನುಗಳಿವೆ, ಪೋರ್ಚುಗೀಸರು ಅವನ್ನು 'ಕಂಡುಹಿಡಿದರು' ಎನ್ನುವುದಕ್ಕೆ ಅರ್ಥವಿಲ್ಲ. ಒಂದು ಜನ ಇನ್ನೊಂದು ಜನದೊಡನೆ ವ್ಯಾಪಾರ ಮಾಡುವುದನ್ನು ಮೂರನೆಯವರು ತಡೆಯುವಂತಿಲ್ಲ. ಅಂತಾರಾಷ್ಟ್ರೀಯ ಕಾನೂನಿನ ತಳಪಾಯಗಳಲ್ಲಿ ಒಂದೆಂದು ಇಂದಿಗೂ ಓದುವ ಈ ಪುಸ್ತಕ ಹುಟ್ಟಿದ್ದು ಒಂದು ಕಂಪನಿಯ ಮೊಕದ್ದಮೆಗಾಗಿ, ನಮ್ಮದೇ ಕಡಲಿನ ಸಾಂಬಾರ ಪದಾರ್ಥಗಳ ಜಗಳದಲ್ಲಿ. ನಾಲ್ಕೇ ವರ್ಷದಲ್ಲಿ, 1613ರಲ್ಲಿ, ಇಂಗ್ಲಿಷರು ಅದೇ ಪುಸ್ತಕವನ್ನು ಡಚ್ಚರ ಮುಂದೆ ಹಿಡಿದು 'ಹಾಗಾದರೆ ನಮಗೂ ದಾರಿ ಬಿಡಿ' ಎಂದರು. ಸಾಂಬಾರ ದ್ವೀಪಗಳು ತಮ್ಮ ಕೈಗೆ ಬಂದ ಮೇಲೆ ಡಚ್ಚರು ದಾರಿ ಬಿಡಲಿಲ್ಲ.

ಮುಂಬಯಿ ಈ ಕಥೆಯೊಳಗೆ ಬಂದದ್ದು ವರದಕ್ಷಿಣೆಯಾಗಿ. 1661ರ ಮದುವೆ ಒಪ್ಪಂದದಲ್ಲಿ ಪೋರ್ಚುಗಲ್ ಇದನ್ನು ಇಂಗ್ಲೆಂಡಿನ ದೊರೆಗೆ ಕೊಟ್ಟಿತು. 1668ರಲ್ಲಿ ದೊರೆ ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಒಪ್ಪಿಸಿದ. ಸೂರತ್ತಿನಲ್ಲಿ ಮೊಘಲರ ಫರ್ಮಾನಿಗಾಗಿ ಕೈಕಟ್ಟಿ ನಿಲ್ಲುತ್ತಿದ್ದ ಕಂಪನಿಗೆ ಇಲ್ಲಿ ತಾನೇ ಕಾಗದ ಬರೆಯುವ ಅಧಿಕಾರ ಸಿಕ್ಕಿತು. ಮುಂದಿನದು ಎಲ್ಲರಿಗೂ ಗೊತ್ತಿರುವ ಇತಿಹಾಸ.

ಹತ್ತಿಯ ಕಥೆ ಮಾತ್ರ ಅಷ್ಟು ಗೊತ್ತಿಲ್ಲ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ಲ್ಯಾಂಕಶೈರಿನ ಗಿರಣಿಗಳು ಭಾರತದ ಕಡೆ ತಿರುಗಿದವು. ಧಾರವಾಡ, ಹುಬ್ಬಳ್ಳಿಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟೆಗೆ, ಅಲ್ಲಿಂದ ದೋಣಿಗಳಲ್ಲಿ ಮುಂಬಯಿಗೆ, ಮುಂಬಯಿಯಿಂದ ಲಿವರ್‌ಪೂಲಿಗೆ ಹೋಯಿತು. ಲಿವರ್‌ಪೂಲಿನ ಪೇಟೆಯಲ್ಲಿ ಅದಕ್ಕೆ ಊರಿನ ಹೆಸರೇ ಬಿತ್ತು, ಕುಮಟಾ ಹತ್ತಿ ಎಂದು. 1862ರಲ್ಲಿ ಉತ್ತರ ಕನ್ನಡ ಮದ್ರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದರ ಹಿಂದೆಯೂ ಈ ಹತ್ತಿ, ಅದನ್ನು ಸಾಗಿಸಲು ಕಾರವಾರದಲ್ಲಿ ಬಂದರು ಬೇಕೆಂಬ ಮುಂಬಯಿ ವರ್ತಕರ ಒತ್ತಾಯ ಕೆಲಸ ಮಾಡಿತ್ತು. ಮುಂಬಯಿಯಲ್ಲಿ ಗಿರಣಿಗಳು ಬೆಳೆದು ಬಟ್ಟೆ ನೇಯತೊಡಗಿದಾಗ ಲ್ಯಾಂಕಶೈರಿಗೆ ಕಸಿವಿಸಿಯಾಯಿತು. 1896ರಲ್ಲಿ ಸರ್ಕಾರ ಮಾಡಿದ್ದು ಇಷ್ಟು: ಇಂಗ್ಲೆಂಡಿನಿಂದ ಬರುವ ಬಟ್ಟೆಗೆ ಶೇಕಡಾ 3.5 ಆಮದು ಸುಂಕ, ಮುಂಬಯಿ ಗಿರಣಿಯಲ್ಲಿ ನೇಯ್ದ ಬಟ್ಟೆಗೂ ಅಷ್ಟೇ, ಶೇಕಡಾ 3.5 ಅಬಕಾರಿ ಸುಂಕ. ಮೇಲ್ನೋಟಕ್ಕೆ ಇಬ್ಬರಿಗೂ ಸಮಾನ. ಆದರೆ ಈ ಸಮಾನತೆಯನ್ನು ಭಾರತ ಕೇಳಿರಲಿಲ್ಲ, ಬೇಡ ಎನ್ನುವ ಅಧಿಕಾರವೂ ಅದಕ್ಕಿರಲಿಲ್ಲ. ಆ ಅಬಕಾರಿ ಸುಂಕ ರದ್ದಾಗಲು 1926 ಬರಬೇಕಾಯಿತು. ಮೂವತ್ತು ವರ್ಷ. ಪರೇಲು, ಲಾಲ್‌ಬಾಗಿನ ದಾರಿಯಲ್ಲಿ ಹೋಗುವಾಗ ಉಳಿದಿರುವ ಒಂದೆರಡು ಗಿರಣಿ ಚಿಮಣಿಗಳನ್ನು ಕಂಡರೆ ನನಗೆ ಮೊದಲು ನೆನಪಾಗುವುದು ಆ 3.5.

ಈಗ ಆ ವಿರುದ್ಧ ಷರತ್ತಿಗೆ ಬರೋಣ. 1860ರಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ಮಾಡಿಕೊಂಡ ವ್ಯಾಪಾರ ಒಪ್ಪಂದದಲ್ಲಿ ಒಂದು ಕಲಮು ಇತ್ತು. ಅದನ್ನು ಕನ್ನಡ ಪತ್ರಿಕೆಗಳು 'ಪರಮಾಪ್ತ ರಾಷ್ಟ್ರ' ಎಂದು ಬರೆಯುತ್ತವೆ. ಹೆಸರು ಕೇಳಿದರೆ ಏನೋ ವಿಶೇಷ ಗೌರವ ಎನ್ನಿಸುತ್ತದೆ, ಅರ್ಥ ಹಾಗಲ್ಲ. ಮಾಟುಂಗಾ ಮಾರ್ಕೆಟ್ಟಿನಲ್ಲಿ ಹೂವಿನವನು ನಿಮಗೆ 'ಇನ್ನು ಯಾರಿಗೇ ಆಗಲಿ ಕಡಿಮೆ ಬೆಲೆಗೆ ಕೊಟ್ಟರೆ, ನಿಮಗೂ ಅದೇ ಬೆಲೆಗೆ ಕೊಡುತ್ತೇನೆ' ಎಂದು ಮಾತು ಕೊಟ್ಟ ಹಾಗೆ. ಇದೇ ಮಾತನ್ನು ಅವನು ಎಲ್ಲ ಗಿರಾಕಿಗಳಿಗೂ ಕೊಟ್ಟರೆ ಕೊನೆಗೆ ಎಲ್ಲರಿಗೂ ಒಂದೇ ಬೆಲೆ ಬೀಳುತ್ತದೆ. ಹಾಗಾಗಿ ಪರಮಾಪ್ತ ಎಂದರೆ ಉಳಿದವರಿಗಿಂತ ಮೇಲಲ್ಲ, ಯಾರಿಗಿಂತಲೂ ಕೆಳಗಲ್ಲ ಎಂದಷ್ಟೇ. 2019ರ ಪುಲ್ವಾಮಾ ದಾಳಿಯ ನಂತರ ಭಾರತ ಪಾಕಿಸ್ತಾನದಿಂದ ಹಿಂತೆಗೆದುಕೊಂಡದ್ದು ಈ ಸ್ಥಾನವನ್ನೇ.

1930ರಲ್ಲಿ ಅಮೆರಿಕ ಸ್ಮೂಟ್-ಹಾಲೀ ಕಾಯ್ದೆಯ ಮೂಲಕ ಸುಂಕ ಏರಿಸಿತು, ಉಳಿದವರು ಎದುರು ಏರಿಸಿದರು, 1932ರಲ್ಲಿ ಬ್ರಿಟನ್ ತನ್ನ ಸಾಮ್ರಾಜ್ಯದ ಸುತ್ತ ಬೇಲಿ ಹಾಕಿಕೊಂಡಿತು. ಯುದ್ಧ ಮುಗಿದ ಮೇಲೆ ಮತ್ತೆ ಹಾಗಾಗಬಾರದೆಂದು ಎರಡು ಕೆಲಸ ಒಟ್ಟಿಗೆ ಶುರುವಾದವು. ದೊಡ್ಡದು ಅಂತಾರಾಷ್ಟ್ರೀಯ ವ್ಯಾಪಾರ ಸಂಸ್ಥೆ ಕಟ್ಟುವುದು. ಅದರ ಸನದು 1948ರಲ್ಲಿ ಹವಾನಾದಲ್ಲಿ ಸಿದ್ಧವಾಯಿತು, ಅಮೆರಿಕದ ಸಂಸತ್ತಿನ ಒಪ್ಪಿಗೆ ಸಿಗದೆ ಅಲ್ಲೇ ಸತ್ತಿತು. ಚಿಕ್ಕದು, ತಾತ್ಕಾಲಿಕವೆಂದು ಮಾಡಿಕೊಂಡ ಸುಂಕದ ಒಪ್ಪಂದ: ಗ್ಯಾಟ್. 1947ರ ಅಕ್ಟೋಬರ್ 30ರಂದು ಜಿನೀವಾದಲ್ಲಿ ಅದಕ್ಕೆ ಅಂತಿಮ ರೂಪ ಕೊಟ್ಟ 23 ದೇಶಗಳಲ್ಲಿ ಭಾರತವೂ ಒಂದು. ಸ್ವಾತಂತ್ರ್ಯ ಬಂದು ಆಗ ಎರಡೂವರೆ ತಿಂಗಳು. ತಾತ್ಕಾಲಿಕವಾದದ್ದು 47 ವರ್ಷ ಬಾಳಿತು.

ಗ್ಯಾಟ್‌ನ ಮೊದಲ ಕಲಮೇ ಪರಮಾಪ್ತ ರಾಷ್ಟ್ರ. ಮೂರನೆಯದು, ಹೊರಗಿನ ಸರಕು ಸುಂಕ ಕಟ್ಟಿ ಒಳಬಂದ ಮೇಲೆ ಅದನ್ನು ಸ್ಥಳೀಯ ಸರಕಿನಂತೆಯೇ ನಡೆಸಿಕೊಳ್ಳಬೇಕು ಎಂಬುದು. ಸುಂಕವನ್ನು ಒಂದು ಮಿತಿ ಮೀರಿ ಏರಿಸುವುದಿಲ್ಲ ಎಂದು ಪ್ರತಿ ದೇಶ ಪಟ್ಟಿ ಬರೆದುಕೊಡಬೇಕು. ಇಷ್ಟೇ ಟನ್ ಬರಲಿ ಎಂದು ಪ್ರಮಾಣದ ಮೇಲೆ ಮಿತಿ ಹಾಕುವಂತಿಲ್ಲ, ಬೇಕಾದರೆ ಸುಂಕ ಹಾಕಬೇಕು. ವಿದೇಶಿ ವಿನಿಮಯದ ಕೊರತೆಯಿರುವ ಬಡ ದೇಶಗಳಿಗೆ ಇದರಲ್ಲಿ ವಿನಾಯಿತಿ ಇತ್ತು. ಭಾರತ ಅರ್ಧ ಶತಮಾನ ಆ ವಿನಾಯಿತಿಯ ಆಸರೆಯಲ್ಲಿ ಬಾಗಿಲನ್ನು ಮುಕ್ಕಾಲು ಮುಚ್ಚಿಟ್ಟಿತ್ತು. 1997ರಲ್ಲಿ ಅಮೆರಿಕ ಇದನ್ನು ಪ್ರಶ್ನಿಸಿತು, 1999ರಲ್ಲಿ ಭಾರತ ಸೋತಿತು. 2001ರ ಏಪ್ರಿಲ್ 1ರಂದು ಕೊನೆಯ 715 ಸರಕುಗಳ ಮೇಲಿನ ನಿರ್ಬಂಧ ಹೋಯಿತು. ನಾನು ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. 'ಇದಕ್ಕೆ ಲೈಸೆನ್ಸ್ ಇದೆಯೇ' ಎಂದು ಕೇಳುವುದನ್ನೇ ಕಲಿತಿದ್ದ ನಾವು, ಆ ದಿನದಿಂದ 'ಇದಕ್ಕೆ ಸುಂಕ ಎಷ್ಟು' ಎಂದು ಕೇಳತೊಡಗಿದೆವು. ಮಾವನ ಪ್ರಶ್ನೆಗೆ ಉತ್ತರದ ಮೊದಲ ಭಾಗ ಇದು: ಬಾಗಿಲು ಹಾಕುವುದಿಲ್ಲವೆಂದು ನಾವು ಬರೆದುಕೊಟ್ಟಿದ್ದೇವೆ. ಬಾಗಿಲಲ್ಲಿ ಸುಂಕ ಪಡೆಯಬಹುದು, ಅದಕ್ಕೂ ಒಂದು ಮಿತಿಯಿದೆ.

ಆ ಬರೆದುಕೊಡುವಿಕೆಗೆ ಕರ್ನಾಟಕದ ರೈತರು ತೋರಿಸಿದ ಪ್ರತಿಭಟನೆ ದೇಶದಲ್ಲೇ ಮೊದಲ ಸಾಲಿನದು. ಗ್ಯಾಟ್‌ನ ಮುಖ್ಯಸ್ಥ ಆರ್ಥರ್ ಡಂಕಲ್ 1991ರ ಡಿಸೆಂಬರಿನಲ್ಲಿ ಹೊರತಂದ ಪ್ರಸ್ತಾವ ಗ್ಯಾಟ್ ಅನ್ನು ಕೃಷಿ, ಸೇವೆ, ಪೇಟೆಂಟ್‌ಗಳಿಗೂ ವಿಸ್ತರಿಸಿತು. ಬೀಜದ ಮೇಲೆ ಹಕ್ಕು ಯಾರದ್ದು ಎಂಬ ಪ್ರಶ್ನೆಯನ್ನು ಪ್ರೊ. ಎಂ.ಡಿ. ನಂಜುಂಡಸ್ವಾಮಿ ಹಳ್ಳಿ ಹಳ್ಳಿಗೆ ಕೊಂಡೊಯ್ದರು. ರೈತಸಂಘದವರು 1992ರಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ, 1993ರಲ್ಲಿ ಬಳ್ಳಾರಿಯ ಅದರ ಘಟಕಕ್ಕೆ ನುಗ್ಗಿದರು. ಆ ದಾರಿಯನ್ನು ನಾನು ಒಪ್ಪುವುದಿಲ್ಲ. ಆದರೆ ಜಿನೀವಾದಲ್ಲಿ ಬರೆದ ಕಾಗದ ಬಳ್ಳಾರಿಯ ಹೊಲಕ್ಕೆ ಬರುತ್ತದೆ ಎಂದು ಅವರು ಕಂಡದ್ದು ನಿಜ. 1994ರ ಏಪ್ರಿಲ್ 15ರಂದು ಮರಕೇಶಿನಲ್ಲಿ ಸಹಿಯಾಗಿ, 1995ರ ಜನವರಿ 1ರಿಂದ ವಿಶ್ವ ವ್ಯಾಪಾರ ಸಂಸ್ಥೆ ಶುರುವಾಯಿತು. ದೇಶಗಳ ನಡುವಿನ ವ್ಯಾಜ್ಯಕ್ಕೆ ನ್ಯಾಯಮಂಡಳಿ, ಅದರ ಮೇಲೆ ಏಳು ಸದಸ್ಯರ ಮೇಲ್ಮನವಿ ಮಂಡಳಿ. ಕಾಗದವನ್ನು ಫಿರಂಗಿಯಿಲ್ಲದವರೂ ಪ್ರಶ್ನಿಸಬಹುದಾದ ಜಾಗ ಸಿಕ್ಕಿತು. ಆದರೆ ಒಂದು ದೇಶದ ಮೇಲೆ ಇನ್ನೊಂದು ದೇಶ ಮಾತ್ರ ಅಲ್ಲಿಗೆ ಹೋಗಬಹುದು. ರೈತನಾಗಲಿ, ಕಂಪನಿಯಾಗಲಿ ತಾವಾಗಿಯೇ ಹೋಗುವಂತಿಲ್ಲ.

ಹೂಡಿಕೆಯ ಕಾನೂನು ಕವಲೊಡೆಯುವುದು ಇಲ್ಲೇ. ಸರಕು ಬಂದು ಹೋಗುತ್ತದೆ, ಬಂಡವಾಳ ಬಂದು ಕೂರುತ್ತದೆ. ಗಣಿ, ರೈಲು, ವಿದ್ಯುತ್ ಸ್ಥಾವರಗಳನ್ನು ಹೊತ್ತುಕೊಂಡು ಹೊರಡಲು ಆಗುವುದಿಲ್ಲ. ಹಾಗಾಗಿ ಅಲ್ಲಿ ಭಯ ಬೇರೆ: ಸರ್ಕಾರ ಕಿತ್ತುಕೊಂಡರೆ? ಮೊದಲು ಇದಕ್ಕಿದ್ದ ಪರಿಹಾರ ಯುದ್ಧನೌಕೆ. 1902ರಲ್ಲಿ ವೆನೆಜುವೆಲಾ ಸಾಲ ತೀರಿಸಲಿಲ್ಲವೆಂದು ಬ್ರಿಟನ್, ಜರ್ಮನಿ, ಇಟಲಿಯ ನೌಕೆಗಳು ಅದರ ಬಂದರುಗಳಿಗೆ ದಿಗ್ಬಂಧನ ಹಾಕಿದವು. ಅರ್ಜೆಂಟೀನಾದ ಕಾರ್ಲೋಸ್ ಕಾಲ್ವೋ ಎಂಬ ನ್ಯಾಯಶಾಸ್ತ್ರಜ್ಞ ಇದಕ್ಕೂ ಮೊದಲೇ, 1868ರಲ್ಲಿ, ವಿದೇಶಿಯನಿಗೆ ಸ್ಥಳೀಯನಿಗಿಂತ ಹೆಚ್ಚಿನ ಹಕ್ಕಿಲ್ಲ, ವ್ಯಾಜ್ಯವಿದ್ದರೆ ಇಲ್ಲಿನ ಕೋರ್ಟಿಗೇ ಬರಲಿ ಎಂದಿದ್ದ. 1938ರಲ್ಲಿ ಮೆಕ್ಸಿಕೋ ಅಮೆರಿಕನ್ನರ ಜಮೀನುಗಳನ್ನು ವಶಪಡಿಸಿಕೊಂಡಾಗ ಅಮೆರಿಕದ ವಿದೇಶಾಂಗ ಸಚಿವ ಕಾರ್ಡೆಲ್ ಹಲ್ ಇದಕ್ಕೆ ಎದುರು ಮಾತು ಬರೆದ: ಪರಿಹಾರ ಕೂಡಲೇ ಸಿಗಬೇಕು, ಸಾಕಷ್ಟಿರಬೇಕು, ನಿಜಕ್ಕೂ ಕೈಗೆ ಬರುವಂತಿರಬೇಕು. ಕಾಲ್ವೋ ಒಂದು ಕಡೆ, ಹಲ್ ಇನ್ನೊಂದು ಕಡೆ. ಇಂದಿನ ಜಗಳಗಳೂ ಈ ಇಬ್ಬರ ನಡುವೆಯೇ ಎಳೆದಾಡುತ್ತವೆ.

ವಸಾಹತುಗಳು ಸ್ವತಂತ್ರವಾಗುತ್ತಿದ್ದಂತೆ ಬಂಡವಾಳದ ದೇಶಗಳು ಒಂದೊಂದೇ ದೇಶದೊಡನೆ ಕೂತು ಒಪ್ಪಂದ ಬರೆಸಿಕೊಳ್ಳುವ ದಾರಿ ಹಿಡಿದವು. ಅಂಥ ಮೊದಲ ದ್ವಿಪಕ್ಷೀಯ ಹೂಡಿಕೆ ಒಪ್ಪಂದ 1959ರಲ್ಲಿ ಪಶ್ಚಿಮ ಜರ್ಮನಿ ಮತ್ತು ಪಾಕಿಸ್ತಾನದ ನಡುವಿನದು. 1965ರಲ್ಲಿ ವಿಶ್ವಬ್ಯಾಂಕಿನ ನೆರಳಲ್ಲಿ ಇಕ್ಸಿಡ್ ಎಂಬ ಮಧ್ಯಸ್ಥಿಕೆ ಕೇಂದ್ರದ ಒಡಂಬಡಿಕೆ ಬಂತು. ಅದರಲ್ಲಿ ಕಂಪನಿಯೇ ನೇರವಾಗಿ ಸರ್ಕಾರದ ಮೇಲೆ ದಾವೆ ಹೂಡಬಹುದು. ಭಾರತ ಇಂದಿಗೂ ಅದಕ್ಕೆ ಸೇರಿಲ್ಲ. ಈ ಒಪ್ಪಂದಗಳ ಹಲ್ಲು ಎಷ್ಟು ಹರಿತ ಎಂದು ತಿಳಿದದ್ದು ಶ್ರೀಲಂಕಾದ ಒಂದು ಸೀಗಡಿ ತೋಟದಿಂದ. 1987ರ ಸೇನಾ ಕಾರ್ಯಾಚರಣೆಯಲ್ಲಿ ಅದು ನಾಶವಾಯಿತು. ಅದರಲ್ಲಿ ಪಾಲಿದ್ದ ಹಾಂಗ್‌ಕಾಂಗ್ ಕಂಪನಿ ಶ್ರೀಲಂಕಾ ಸರ್ಕಾರದೊಡನೆ ತನಗೆ ಯಾವ ಕರಾರೂ ಇಲ್ಲದಿದ್ದರೂ, ಬ್ರಿಟನ್-ಶ್ರೀಲಂಕಾ ಒಪ್ಪಂದವನ್ನು ಮುಂದಿಟ್ಟು ದಾವೆ ಹೂಡಿತು. 1990ರಲ್ಲಿ 4,60,000 ಡಾಲರ್ ಪರಿಹಾರ ಸಿಕ್ಕಿತು. ಎರಡು ಸರ್ಕಾರಗಳು ಬರೆದುಕೊಂಡ ಕಾಗದವನ್ನು ಮೂರನೆಯವನಾದ ಕಂಪನಿ ಕೈಗೆತ್ತಿಕೊಂಡು ಗೆದ್ದ ಮೊದಲ ಪ್ರಕರಣ ಅದು.

ನಮ್ಮ ಮಟ್ಟಿಗೆ ಈ ಪಾಠ ಬಂದದ್ದು ಕೊಂಕಣದ ದಾರಿಯಲ್ಲಿ, ರತ್ನಾಗಿರಿ ಜಿಲ್ಲೆಯ ದಾಭೋಳದಿಂದ. ಆರ್ಥಿಕ ಉದಾರೀಕರಣದ ಮೊದಲ ವರ್ಷಗಳಲ್ಲಿ ತ್ವರಿತ ಅನುಮತಿ ಪಡೆದ ಎಂಟು ವಿದ್ಯುತ್ ಯೋಜನೆಗಳಲ್ಲಿ ಅದು ಒಂದು. ಮುಂಬಯಿಯ ತುಳುನಾಡಿನವರಿಗೆ ಚೆನ್ನಾಗಿ ನೆನಪಿರುವ ನಂದಿಕೂರಿನ ಕೋಜೆಂಟ್ರಿಕ್ಸ್ ಇನ್ನೊಂದು. ಅದು 1999ರಲ್ಲಿ ಕಟ್ಟುವ ಮೊದಲೇ ಕೈಬಿಟ್ಟು ಹೋಯಿತು. ದಾಭೋಳದಲ್ಲಿ ಎನ್ರಾನ್, ಜೊತೆಗೆ ಜನರಲ್ ಎಲೆಕ್ಟ್ರಿಕ್ ಮತ್ತು ಬೆಕ್ಟೆಲ್ ಕಟ್ಟಿಯೇ ಬಿಟ್ಟವು. 1993ರಲ್ಲಿ ಮಹಾರಾಷ್ಟ್ರ ವಿದ್ಯುತ್ ಮಂಡಳಿಯೊಡನೆ ಕರಾರು, 1995ರಲ್ಲಿ ಹೊಸ ಸರ್ಕಾರದಿಂದ ರದ್ದು, 1996ರಲ್ಲಿ ಮಾತುಕತೆಯಾಗಿ ಮತ್ತೆ ಜೀವ, 1999ರಲ್ಲಿ 740 ಮೆಗಾವಾಟ್‌ನ ಮೊದಲ ಹಂತ ಶುರು. ಕರಾರಿನಲ್ಲಿ ಬೆಲೆ ಡಾಲರಿಗೆ ಅಂಟಿಕೊಂಡಿತ್ತು. ವಿದ್ಯುತ್ತನ್ನು ಕೊಂಡರೂ ಕೊಳ್ಳದಿದ್ದರೂ ಸ್ಥಾವರದ ಸಾಮರ್ಥ್ಯಕ್ಕೆಂದು ನಿಗದಿಯಾದ ಹಣ ಕೊಡಬೇಕಿತ್ತು. ಮಂಡಳಿ ಹಣ ಕೊಡದಿದ್ದರೆ ರಾಜ್ಯ ಸರ್ಕಾರದ ಖಾತರಿ, ಅದರ ಹಿಂದೆ ಕೇಂದ್ರದ ಪ್ರತಿಖಾತರಿ. 2001ರಲ್ಲಿ ಮಂಡಳಿ ಕೊಳ್ಳುವುದನ್ನು ನಿಲ್ಲಿಸಿತು. ಅದೇ ವರ್ಷದ ಕೊನೆಗೆ ಅಮೆರಿಕದಲ್ಲಿ ಎನ್ರಾನ್ ದಿವಾಳಿಯಾಯಿತು. ಆದರೆ ಮೊಕದ್ದಮೆ ಸಾಯಲಿಲ್ಲ. ಭಾರತಕ್ಕೆ ಅಮೆರಿಕದೊಡನೆ ಹೂಡಿಕೆ ಒಪ್ಪಂದವಿರಲಿಲ್ಲ. ಆದರೆ ಜನರಲ್ ಎಲೆಕ್ಟ್ರಿಕ್ ಮತ್ತು ಬೆಕ್ಟೆಲ್ ಮಾರಿಷಸ್‌ನಲ್ಲಿ ನೋಂದಾಯಿಸಿದ ಅಂಗಸಂಸ್ಥೆಗಳ ಮೂಲಕ ಹಣ ತಂದಿದ್ದವು. ಭಾರತ-ಮಾರಿಷಸ್ ಒಪ್ಪಂದ ಹಿಡಿದು ಅವು ಮಧ್ಯಸ್ಥಿಕೆಗೆ ಹೋದವು. ಹಣ ಹಾಕಿದ್ದ ವಿದೇಶಿ ಬ್ಯಾಂಕುಗಳು ತಮ್ಮ ತಮ್ಮ ದೇಶದ ಒಪ್ಪಂದಗಳನ್ನು ಹಿಡಿದವು. 2005ರಲ್ಲಿ ರಾಜಿಯಾಗಿ ಬೆಕ್ಟೆಲ್‌ಗೆ 16 ಕೋಟಿ ಡಾಲರ್, ಜನರಲ್ ಎಲೆಕ್ಟ್ರಿಕ್‌ಗೆ 14.5 ಕೋಟಿ ಡಾಲರ್ ಸಂದಿತು.

ಮೂಲ ಯಾವುದು ಎಂಬ ಪ್ರಶ್ನೆ ಮೆಣಸಿಗೆ ಮಾತ್ರವಲ್ಲ, ಹಣಕ್ಕೂ ಇದೆ ಎಂದು ನನಗೆ ಅರ್ಥವಾದದ್ದು ಈ ಪ್ರಕರಣದಿಂದ. ಅಮೆರಿಕದ ಹಣ ಮಾರಿಷಸ್ಸಿನ ಕಾಗದ ಹೊತ್ತು ಬಂದರೆ ಅದು ಮಾರಿಷಸ್ಸಿನ ಹಣ.

ಆಮೇಲೆ ಒಂದರ ಹಿಂದೆ ಒಂದು ಬಂದವು. ಆಸ್ಟ್ರೇಲಿಯಾದ ವೈಟ್ ಇಂಡಸ್ಟ್ರೀಸ್ ಎಂಬ ಕಂಪನಿಗೆ ಕೋಲ್ ಇಂಡಿಯಾ ವಿರುದ್ಧ ಸಿಕ್ಕಿದ್ದ ಮಧ್ಯಸ್ಥಿಕೆ ತೀರ್ಪನ್ನು ಜಾರಿ ಮಾಡುವ ಅರ್ಜಿ ನಮ್ಮ ಕೋರ್ಟುಗಳಲ್ಲಿ ಒಂಬತ್ತು ವರ್ಷ ದಾಟಿಯೂ ಇತ್ಯರ್ಥವಾಗಿರಲಿಲ್ಲ. ಈ ವಿಳಂಬಕ್ಕೆ ಭಾರತ ಹೊಣೆಯೆಂದು 2011ರ ನವೆಂಬರಿನಲ್ಲಿ ತೀರ್ಪಾಯಿತು. ದಾರಿ ಹೇಗಿತ್ತು ನೋಡಿ: ಹಕ್ಕು ಸ್ಥಾಪಿಸಲು ಪರಿಣಾಮಕಾರಿ ವ್ಯವಸ್ಥೆ ಒದಗಿಸುತ್ತೇವೆ ಎಂಬ ಮಾತು ಭಾರತ-ಆಸ್ಟ್ರೇಲಿಯಾ ಒಪ್ಪಂದದಲ್ಲಿ ಇರಲೇ ಇಲ್ಲ. ಅದು ಇದ್ದದ್ದು ಭಾರತ-ಕುವೈತ್ ಒಪ್ಪಂದದಲ್ಲಿ. ಆಸ್ಟ್ರೇಲಿಯಾದ ಒಪ್ಪಂದದಲ್ಲಿದ್ದ ಪರಮಾಪ್ತ ರಾಷ್ಟ್ರದ ಕಲಮನ್ನು ಹಿಡಿದು, ಕುವೈತಿಗೆ ಕೊಟ್ಟದ್ದು ನಮಗೂ ಸಲ್ಲಬೇಕೆಂದು ಕಂಪನಿ ವಾದಿಸಿ ಗೆದ್ದಿತು. ಹೂವಿನವನ ಮಾತು ಇಷ್ಟು ದೂರ ಬರುತ್ತದೆಂದು ಒಪ್ಪಂದಕ್ಕೆ ಸಹಿ ಹಾಕಿದವರು ಎಣಿಸಿರಲಾರರು.

ವೊಡಾಫೋನ್ ಪ್ರಕರಣ ಮುಂಬಯಿಯದೇ. 2007ರಲ್ಲಿ ಕೇಮನ್ ದ್ವೀಪದ ಕಂಪನಿಯೊಂದರ ಷೇರು ಕೈಬದಲಾಯಿಸಿತು, ಅದರೊಡನೆ ಇಲ್ಲಿನ ಹಚ್ ಮೊಬೈಲ್ ವ್ಯವಹಾರದ ಒಡೆತನವೂ ಕೈಬದಲಾಯಿಸಿತು. ಇಲ್ಲಿಯೇ ತೆರಿಗೆ ಕಟ್ಟಿ ಎಂದಿತು ತೆರಿಗೆ ಇಲಾಖೆ. 2010ರಲ್ಲಿ ಬಾಂಬೆ ಹೈಕೋರ್ಟ್ ಇಲಾಖೆಯ ಪರ, 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕಂಪನಿಯ ಪರ ತೀರ್ಪು ಕೊಟ್ಟವು. ಅದೇ ವರ್ಷ ಸಂಸತ್ತು ಹಿಂದಿನ ವ್ಯವಹಾರಗಳಿಗೂ ಅನ್ವಯಿಸುವಂತೆ ಕಾನೂನನ್ನೇ ತಿದ್ದಿತು. ಕಂಪನಿ ಭಾರತ-ನೆದರ್‌ಲ್ಯಾಂಡ್ಸ್ ಒಪ್ಪಂದ ಹಿಡಿದು ಹೋಗಿ 2020ರ ಸೆಪ್ಟೆಂಬರಿನಲ್ಲಿ ಗೆದ್ದಿತು, ಡಿಸೆಂಬರಿನಲ್ಲಿ ಇಂಥದೇ ತೆರಿಗೆ ಜಗಳದಲ್ಲಿದ್ದ ಕೇರ್ನ್ ಎಂಬ ಕಂಪನಿ ಗೆದ್ದಿತು, 2021ರಲ್ಲಿ ಸಂಸತ್ತು ಆ ತಿದ್ದುಪಡಿಯ ಬೇಡಿಕೆಗಳನ್ನು ಕೈಬಿಟ್ಟಿತು. ಸುಪ್ರೀಂ ಕೋರ್ಟಿನ ತೀರ್ಪನ್ನು ಹಿಂದಿನಿಂದ ಅಳಿಸಿದ್ದು ತಪ್ಪೆಂದೇ ನಾನು ಭಾವಿಸುತ್ತೇನೆ. ಆದರೆ ಸಂಸತ್ತಿನ ಕಾನೂನನ್ನು ಮೂವರು ಮಧ್ಯಸ್ಥರು ಕೂತು ತೂಗುವ ವ್ಯವಸ್ಥೆಯಲ್ಲಿ ಮೇಲ್ಮನವಿಯೇ ಇಲ್ಲ ಎಂಬುದು ಅಷ್ಟೇ ಚಿಂತೆಯ ವಿಷಯ. ಭಾರತ 2015ರ ಕೊನೆಗೆ ಹೊಸ ಮಾದರಿ ಒಪ್ಪಂದ ಬರೆಯಿತು. ಅದರ ಪ್ರಕಾರ ಮೊದಲು ಐದು ವರ್ಷ ಸ್ಥಳೀಯ ಕೋರ್ಟಿನಲ್ಲಿ ಪ್ರಯತ್ನಿಸಬೇಕು, ತೆರಿಗೆ ಒಪ್ಪಂದದ ಹೊರಗೆ, ಪರಮಾಪ್ತ ರಾಷ್ಟ್ರದ ಕಲಮೇ ಇಲ್ಲ. ಹಳೆಯ ಒಪ್ಪಂದಗಳನ್ನು ಮುಗಿಸುವುದಾಗಿ 58 ದೇಶಗಳಿಗೆ ನೋಟಿಸು ಹೋಯಿತು. ಕಾಲ್ವೋ ಒಂದೂವರೆ ಶತಮಾನದ ನಂತರ ದೆಹಲಿಗೆ ಬಂದಂತಾಯಿತು.

ವಿಶ್ವ ವ್ಯಾಪಾರ ಸಂಸ್ಥೆಯ ನ್ಯಾಯವ್ಯವಸ್ಥೆಯೂ ಈಗ ಅರ್ಧ ನಿಂತಿದೆ. ಮೇಲ್ಮನವಿ ಮಂಡಳಿಗೆ ಹೊಸ ಸದಸ್ಯರ ನೇಮಕವನ್ನು ಅಮೆರಿಕ ತಡೆದದ್ದರಿಂದ 2019ರ ಡಿಸೆಂಬರಿನಿಂದ ಅದು ಯಾವ ಮೇಲ್ಮನವಿಯನ್ನೂ ಕೇಳಲಾರದು. ಬೆಳಗಾವಿಯಿಂದ ಪುಣೆಯವರೆಗಿನ ಕಬ್ಬಿನ ಬೆಳೆಗಾರರಿಗೆ ಇದು ನೇರವಾಗಿ ತಟ್ಟುವ ವಿಷಯ. ಕೇಂದ್ರ ನಿಗದಿ ಮಾಡುವ ಕಬ್ಬಿನ ಕನಿಷ್ಠ ಬೆಲೆ (ಎಫ್‌ಆರ್‌ಪಿ) ಒಪ್ಪಂದದ ಮಿತಿ ಮೀರಿದ ಬೆಂಬಲವೆಂದು ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ದೂರು ಕೊಟ್ಟವು. 2021ರ ಡಿಸೆಂಬರಿನಲ್ಲಿ ಭಾರತ ಸೋತಿತು, ಕೂಡಲೇ ಮೇಲ್ಮನವಿ ಹಾಕಿತು. ಕೇಳುವವರಿಲ್ಲದ ಮನವಿ, ಜಾರಿಯಾಗದ ತೀರ್ಪು. ಇವತ್ತಿಗೆ ಇದು ನಮಗೆ ಅನುಕೂಲ. ನಾಳೆ ನಮ್ಮ ಸರಕಿನ ಮೇಲೆ ಯಾರಾದರೂ ಮನಬಂದಂತೆ ಸುಂಕ ಹಾಕಿದರೆ ನಾವೂ ಅದೇ ಮುಚ್ಚಿದ ಕದದ ಮುಂದೆ ನಿಲ್ಲಬೇಕಾಗುತ್ತದೆ.

ಇನ್ನು ಮಾವನಿಗೆ ಕೊಡಬೇಕಾದ ಉತ್ತರದ ಉಳಿದರ್ಧ. ಗ್ಯಾಟ್‌ನ 24ನೇ ಕಲಮು ಪರಮಾಪ್ತ ರಾಷ್ಟ್ರದ ನಿಯಮಕ್ಕೆ ಒಂದು ದೊಡ್ಡ ಅಪವಾದ: ಕೆಲವು ದೇಶಗಳು ತಮ್ಮೊಳಗೆ ಮುಕ್ತ ವ್ಯಾಪಾರ ಒಪ್ಪಂದ ಮಾಡಿಕೊಳ್ಳಬಹುದು. ಬಡ ದೇಶಗಳು ತಮ್ಮೊಳಗೆ ರಿಯಾಯಿತಿ ಕೊಟ್ಟುಕೊಳ್ಳುವುದಕ್ಕೂ ಬೇರೆ ಅವಕಾಶವಿದೆ. ಭಾರತ ಮತ್ತು ಶ್ರೀಲಂಕಾ 1998ರಲ್ಲಿ ಸಹಿ ಹಾಕಿದ ಒಪ್ಪಂದ 2000ದಿಂದ ಜಾರಿಯಲ್ಲಿದೆ. ಸಾಮಾನ್ಯವಾಗಿ ಮೆಣಸಿನ ಆಮದಿಗೆ ಶೇಕಡಾ 70 ಸುಂಕ. ವಿಯೆಟ್ನಾಂ ಸೇರಿರುವ ಆಸಿಯಾನ್ ದೇಶಗಳಿಗೆ ಅದಕ್ಕಿಂತ ಕಡಿಮೆ. ಶ್ರೀಲಂಕಾದ್ದಾದರೆ ತೀರಾ ಕಡಿಮೆ. ಹೀಗಿರುವಾಗ ವಿಯೆಟ್ನಾಮಿನ ಮೆಣಸು ಕೊಲಂಬೊದಲ್ಲಿ ಚೀಲ ಬದಲಿಸಿಕೊಂಡು ಬರುವ ಆಸೆ ಹುಟ್ಟುವುದು ಸಹಜ. ಕೊಡಗು, ಚಿಕ್ಕಮಗಳೂರು, ಸಿದ್ದಾಪುರದ ಬೆಳೆಗಾರರು ಕೂಗಿಕೊಂಡದ್ದು ಇದನ್ನೇ. ಅಂಗೈಯಲ್ಲಿ ಹರಡಿದ ಕಾಳು ನೋಡಿ ಅದು ಯಾವ ದೇಶದ್ದೆಂದು ಕಸ್ಟಮ್ಸ್ ಅಧಿಕಾರಿ ಹೇಳಲಾರ. ಆಗ ಅವನ ಮುಂದಿದ್ದದ್ದು ಆ ಒಂದು ಹಾಳೆ ಮಾತ್ರ.

2017ರ ಡಿಸೆಂಬರ್ 6ರಂದು, ಮಾವ ಊರಿಗೆ ಮರಳಿದ ಮೇಲೆ, ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ಜಾರಿಯಾಯಿತು. ಅದಕ್ಕಿಂತ ಅಗ್ಗದ ಮೆಣಸು ಒಳಬರುವಂತಿಲ್ಲ. ಆಗ ಇನ್‌ವಾಯ್ಸಿನಲ್ಲಿ ಬೆಲೆ ಏರಿಸಿ ಬರೆಯುತ್ತಾರೆಂಬ ದೂರು ಶುರುವಾಯಿತು. 2020ರ ಸೆಪ್ಟೆಂಬರ್ 21ರಿಂದ ಹೊಸ ನಿಯಮ ಬಂತು. ಸುಂಕದ ರಿಯಾಯಿತಿ ಬೇಕೆಂದರೆ ಪ್ರಮಾಣಪತ್ರವೊಂದೇ ಸಾಲದು, ಸರಕು ನಿಜಕ್ಕೂ ಆ ದೇಶದ್ದು ಎಂಬುದಕ್ಕೆ ಬೇಕಾದ ಮಾಹಿತಿಯನ್ನು ಆಮದುದಾರನೇ ಇಟ್ಟುಕೊಂಡಿರಬೇಕು. ಬೆಳೆದದ್ದೋ, ಸಂಸ್ಕರಿಸಿದ್ದೋ, ಸಂಸ್ಕರಿಸಿದ್ದಾದರೆ ಅಲ್ಲಿ ಎಷ್ಟು ಮೌಲ್ಯ ಸೇರಿತು, ಎಲ್ಲವನ್ನೂ ಕೇಳಬಹುದು. ಸಂಶಯ ಬಂದರೆ ಪ್ರಮಾಣಪತ್ರ ಕೊಟ್ಟ ದೇಶಕ್ಕೇ ಪತ್ರ ಬರೆದು ವಿಚಾರಿಸಬಹುದು.

ಅಂಥ ಒಂದು ಫೈಲು ಕೆಲ ಕಾಲದ ಹಿಂದೆ ನನ್ನ ಮೇಜಿನ ಮೇಲಿತ್ತು. ನ್ಹಾವಾ ಶೇವಾ ಬಂದರಿನಲ್ಲಿ ಇಳಿದ ಒಂದು ಕಂಟೇನರ್. ಪ್ರಮಾಣಪತ್ರದಲ್ಲಿ ಎಲ್ಲವೂ ಭರ್ತಿಯಾಗಿತ್ತು, ಮುದ್ರೆ ಸ್ಪಷ್ಟವಾಗಿತ್ತು. ಸಹಿಯ ಕೊನೆಯ ಗೆರೆ ಮಾತ್ರ ಮಾದರಿಯಲ್ಲಿದ್ದಂತೆ ಮೇಲಕ್ಕೆ ತಿರುಗಿರಲಿಲ್ಲ, ಕೆಳಕ್ಕೆ ಇಳಿದಿತ್ತು. ಅಧಿಕಾರಿ ಫೈಲನ್ನು ಪರಿಶೀಲನೆಗೆ ಕಳಿಸಿದರು. ಅಷ್ಟು ದಿನ ಬೇಕಾದರೆ ಪೂರ್ತಿ ಸುಂಕದ ವ್ಯತ್ಯಾಸಕ್ಕೆ ಭದ್ರತೆ ಕೊಟ್ಟು ಸರಕು ಬಿಡಿಸಿಕೊಳ್ಳಬಹುದೆಂದು ನಾನು ಆಮದುದಾರನಿಗೆ ಹೇಳಿದೆ. ಅದೇ ಸಂಜೆ ಮಾವನ ಫೋನು ಬಂತು. ಗೇರುಸೊಪ್ಪೆಯ ಚತುರ್ಮುಖ ಬಸದಿಗೆ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿದ್ದರಂತೆ. ಫೈಲಿನ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಕೊಲಂಬೊದಿಂದ ಉತ್ತರ ಬರುವುದಕ್ಕೆ ಎಷ್ಟು ದಿನ ಹಿಡಿಯುತ್ತದೆ? ನಮ್ಮಲ್ಲಿ ಮೆಣಸು ಕೊಯ್ಲು ಮುಂದಿನ ತಿಂಗಳು."